ಕಾಫಿ ಪಾತ್ರೆ ಪಕ್ಕ ಕೂತಿರೋಳು

ಪುಟ್ಟಿ: [ಫೋಟೋ] ಫ್ರಾನ್ಸಿನ ಚಿತ್ರಕಾರ ಸೆಜಾನ್ ಬರ್ದಿರೋ "ಕಾಫಿ ಪಾತ್ರೆ ಜೊತೆಗಿರೋ ಹೆಂಗಸು" ಚಿತ್ರ, 1895ರ ಸುಮಾರು, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಲ್ಲಿದೆ. ಯಾಕೋ ಅಜ್ಜಿ ನೆನಪಾದ್ರು

ದೊಡ್ಡಪ್ಪ: ಏನಮ್ಮ ಇದು, ಟೇಬಲ್ ನಮ್ ಕಡೆಗೆ ಜಾರ್ತಾ ಇದೆ, ಮುಖದಲ್ಲಿ ನಗೂ ಇಲ್ಲ ಅಳೂ ಇಲ್ಲ, ಮರದ ಗೊಂಬೆ. ಅಮ್ಮನ್ನ ಇದಕ್ಕೆ ಹೋಲಿಸ್ಬೇಡ

ಅತ್ತೆ: ಕಪ್ಪಲ್ಲಿ ಚಮಚ ನೆಟ್ಟಗೆ ನಿಂತಿದೆಯಲ್ಲೇ, ಡಿಕಾಕ್ಷನ್ ಅಷ್ಟು ಗಟ್ಟಿನಾ 😂

ಪುಟ್ಟಿ: ಅದೆಲ್ಲ ಬೇಕಂತ್ಲೇ ದೊಡ್ಡಪ್ಪ. ಪಾತ್ರೆ, ಕಾಫಿ ಕಪ್, ಅವಳ ತೋಳು ಎಲ್ಲಾ ಕೊಳವೆ ಥರ ಅಲ್ವಾ, ಸಿಲಿಂಡರು ಗೋಳ ಕೋನು ಇವುಗಳಿಂದ ಪ್ರಕೃತಿನ ಕಟ್ಟು ಅಂತ 1904ರಲ್ಲಿ ಎಮಿಲ್ ಬರ್ನಾರ್ ಅನ್ನೋ ಇನ್ನೊಬ್ಬ ಚಿತ್ರಕಾರನಿಗೆ ಸೆಜಾನ್ ಕಾಗದ ಬರ್ದಿದಾನೆ

ಚಿಕ್ಕಪ್ಪ: ಅಂದ್ರೆ ಅವಳೂ ಒಂದು ಪಾತ್ರೆ. ದಕ್ಷಿಣ ಫ್ರಾನ್ಸಿನ ಎಕ್ಸ್ ಅನ್ನೋ ಊರಲ್ಲಿ ಸೆಜಾನ್ ಅಪ್ಪ ಬ್ಯಾಂಕರು, 1859ರಲ್ಲಿ ಝಾ ದ ಬುಫಾನ್ ಅನ್ನೋ ದೊಡ್ಡ ಬಂಗಲೆ ತಗೊಂಡಿದ್ದ, ಈಕೆ ಅಲ್ಲಿ ಕೆಲಸಕ್ಕಿದ್ದೋಳು ಇರ್ಬೇಕು ಅಂತಾರೆ ಅಷ್ಟೇ, ಹೆಸರು ಗೊತ್ತಿಲ್ಲ. ಚಿತ್ರದ ಹೆಸರಲ್ಲಿ ಕಾಫಿ ಪಾತ್ರೆಗೆ ಜಾಗ ಇದೆ ಅವಳ ಹೆಸರಿಗಿಲ್ಲ, ಇದಕ್ಕೆ ನೀನು ಕಲೆ ಅಂತೀಯ

ಪುಟ್ಟಿ: ಹೆಂಡತಿ ಆರ್ಟಾನ್ಸ್‌ನೂ ಹಿಂಗೇ ಬರ್ದಿದಾನೆ ಚಿಕ್ಕಪ್ಪ, ಅಲ್ಲೂ ನಗು ಇಲ್ಲ. ಚಿತ್ರ ಮಾರೋ ವೊಲಾರ್‌ನ 115 ಸಲ ಕೂರಿಸಿ ಕೊನೆಗೆ ಶರ್ಟಿನ ಎದೆಭಾಗ ಪರವಾಗಿಲ್ಲ ಅಂದನಂತೆ, ವೊಲಾರೇ ಬರ್ಕೊಂಡಿದಾನೆ. ಇವಳದ್ದು 130 ಸೆಂಟಿಮೀಟರ್ ಎತ್ತರ 97 ಅಗಲ, ಕೆಲಸದೋಳನ್ನ ಅಷ್ಟು ದೊಡ್ಡದಾಗಿ ಬರ್ದಿರೋದು ಸಣ್ಣ ವಿಷಯನಾ

ಚಿಕ್ಕಪ್ಪ: ದೊಡ್ಡದಾಗಿ ಬರ್ದ್ರೆ ಸಂಬಳ ಜಾಸ್ತಿ ಆಯ್ತಾ

ಅತ್ತೆ: ನೀವಿಬ್ರೂ ಕೈ ನೋಡ್ತಾನೇ ಇಲ್ಲ. ಅವ್ಳು ಕಾಫಿ ಕುಡಿಯಕ್ಕೆ ಕೂತಿಲ್ಲ, ಕೂತ್ಕೋ ಅಂದ್ರು ಅಂತ ಕೂತಿದಾಳೆ, ಕೆಲಸ ಮಾಡಿ ಮಾಡಿ ಕೆಂಪಾಗಿರೋ ಕೈ ತೊಡೆ ಮೇಲೆ ಸುಮ್ನೆ ಬಿದ್ದಿದೆ, ಖಾಲಿ ಇದ್ರೆ ಏನ್ಮಾಡ್ಬೇಕು ಅಂತ್ಲೇ ಅವಕ್ಕೆ ಗೊತ್ತಿಲ್ಲ. ನನ್ ಮದುವೇಲಿ ಸ್ಟುಡಿಯೋದವ್ರು ಅಮ್ಮನ್ನ ಕುರ್ಚಿ ಮೇಲೆ ಕೂರಿಸಿದ್ರಲ್ಲ, ಥೇಟ್ ಹಿಂಗೇ

ದೊಡ್ಡಪ್ಪ: ಆ ಫೋಟೋ ಯಾರ ಹತ್ರ ಇದೆ

ಅತ್ತೆ: ನಿನ್ ಬೀರುವಲ್ಲೇ ಅಣ್ಣ, ಕೆಳಗಿನ ಖಾನೆ, ಅತ್ತಿಗೇನ ಕೇಳು

ದೊಡ್ಡಪ್ಪ: ತೆಗೀತಾ ಇದೀನಿ ಇರಿ