ಎರಡೂಕಾಲು ವರ್ಷದ ಹೆಣ್ಣು ಕುದುರೆ ಬೆದೆಗೆ ಬರುತ್ತಿದೆ, ಗಂಡು ಕೊಡಿಸಬಹುದಾ?

ಹೊಸಲಾಯ:
ನಮ್ಮ ಹೆಣ್ಣು ಕುದುರೆಗೆ ಈಗ ಎರಡೂಕಾಲು ವರ್ಷ. ಮೂರು ವಾರಕ್ಕೊಮ್ಮೆ ಸರಿಯಾಗಿ ಬೆದೆಗೆ ಬರುತ್ತಿದೆ. ಬಾಲ ಎತ್ತಿ ನಿಲ್ಲುತ್ತದೆ, ಪದೇಪದೇ ಉಚ್ಚೆ ಹೊಯ್ಯುತ್ತದೆ, ಬೇಲಿ ಆಚೆ ಗಂಡು ಕಂಡರೆ ಮೇವನ್ನೂ ಮರೆಯುತ್ತದೆ. ಎತ್ತರದಲ್ಲಿ ತಾಯಿಗೆ ಸಮ ಬಂದಿದೆ. ಪರಿಚಯದವರ ಹತ್ತಿರ ಒಳ್ಳೆಯ ಗಂಡು ಕುದುರೆ ಇದೆ, ಈ ಸಲವೇ ಕೊಡಿಸಿ ಅನ್ನುತ್ತಿದ್ದಾರೆ. ಸವಾರಿ ಇನ್ನೂ ಶುರು ಮಾಡಿಲ್ಲ, ಸುಮ್ನೆ ನಿಂತಿರುವ ಬದಲು ಒಂದು ಮರಿಯಾದರೂ ಆಗಲಿ ಅಂತ ನನ್ನ ಲೆಕ್ಕ. ಬೇಗ ಆಯ್ತಾ?

ಕೆಂಪುಲಗಾಮು:
ಬೇಗವೇ. ಬೆದೆಗೆ ಬಂದ ಮಾತ್ರಕ್ಕೆ ಮರಿ ಹೊರುವ ಮೈ ಬಂತು ಅಂತಲ್ಲ. ಎಷ್ಟೋ ಹೆಣ್ಣು ಮರಿಗಳು 12ರಿಂದ 18 ತಿಂಗಳೊಳಗೇ ಬೆದೆಗೆ ಬರುತ್ತವೆ, ಹಾಗಂತ ಆಗಲೇ ಯಾರೂ ಗಂಡು ಕೊಡಿಸುವುದಿಲ್ಲ ಅಲ್ವಾ?

ಎತ್ತರ ನೋಡಿ ಮೋಸ ಹೋಗಬೇಡಿ. ಎರಡು ವರ್ಷಕ್ಕೆ ಎತ್ತರ ಹೆಚ್ಚುಕಡಿಮೆ ಮುಗಿದಿರುತ್ತದೆ. ಎದೆ ಅಗಲವಾಗುವುದು, ಮೈ ತುಂಬುವುದು ಆಮೇಲೆ. ಮುಂಗಾಲಿನ ಮಂಡಿಯ ಮೇಲೆ ಮೂಳೆ ಬೆಳೆಯುವ ಭಾಗ ಗಟ್ಟಿಯಾಗುವುದೇ ಎರಡು, ಎರಡೂವರೆ ವರ್ಷದ ಹೊತ್ತಿಗೆ. ಬೆನ್ನುಮೂಳೆಗೆ ಐದು ವರ್ಷ ದಾಟಬೇಕು.

ನಂಬಿಕೆ ಬರದಿದ್ದರೆ ತುಟಿ ಎತ್ತಿ ಹಲ್ಲು ನೋಡಿ. ಮುಂದಿನ ಹಲ್ಲುಗಳೆಲ್ಲ ಇನ್ನೂ ಹಾಲುಹಲ್ಲೇ ಇರಬೇಕು. ನಡುವಿನ ಜೋಡಿ ಬದಲಾಗುವುದು ಎರಡೂವರೆಗೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಒಳಗೆ ದವಡೆ ಹಲ್ಲುಗಳೂ ಇದೇ ವಯಸ್ಸಿನಲ್ಲಿ ಬದಲಾಗುತ್ತಿರುತ್ತವೆ, ಹಾಗಾಗಿ ಕೆಲವು ಕುದುರೆಗಳು ಸರಿಯಾಗಿ ಅಗಿಯಲಾರದೆ ಅರ್ಧ ಅಗಿದ ಹುಲ್ಲಿನ ಉಂಡೆಯನ್ನು ಗೋದಲಿ ಪಕ್ಕದಲ್ಲೇ ಉಗುಳಿರುತ್ತವೆ. ತನ್ನ ಹೊಟ್ಟೆಗೇ ಸರಿಯಾಗಿ ತಿನ್ನಲಾಗದ ಕಾಲದಲ್ಲಿ ಇನ್ನೊಂದು ಜೀವ ಯಾಕೆ?

ಮೂರುಗೊರಸು:
ಮೇಲಿನವರು ಹೇಳಿದ್ದು ಸರಿ, ಆದರೆ ಐದು ವರ್ಷದವರೆಗೆ ಕಾಯಲೇಬೇಕು ಅಂತ ಹೆದರಿಕೊಳ್ಳಬೇಡಿ. ಮೂರು ತುಂಬಿ, ಚೆನ್ನಾಗಿ ಬೆಳೆದಿದ್ದರೆ ಕೊಡಿಸಬಹುದು ಅನ್ನುವುದು ನನ್ನ ಅಭಿಪ್ರಾಯ. ಗಬ್ಬ ಸುಮಾರು 11 ತಿಂಗಳು, ಅಂದರೆ ಮರಿ ಹಾಕುವಾಗ ನಾಲ್ಕು ವರ್ಷ ಆಗುತ್ತಾ ಬಂದಿರುತ್ತದೆ. ಭಾರಿ ತಳಿಯಾಗಿದ್ದರೆ ನಾಲ್ಕಕ್ಕೇ ಕೊಡಿಸಿ, ಅವು ನಿಧಾನಕ್ಕೆ ಬೆಳೆಯುತ್ತವೆ.

ವಯಸ್ಸಿಗಿಂತ ಮೈ ಮುಖ್ಯ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈ ಆಡಿಸಿದರೆ ಸಿಗಬೇಕು. ಇನ್ನೊಂದು, ಸವಾರಿ ಕಲಿಸದೇ ಇದ್ದರೂ ಪರವಾಗಿಲ್ಲ, ಆದರೆ ಕಾಲೆತ್ತಿ ಹಿಡಿಯಲು, ಕೆಚ್ಚಲು ಮುಟ್ಟಲು ಬಿಡುವಷ್ಟಾದರೂ ಪಳಗಿರಬೇಕು. ಚೊಚ್ಚಲು ಕುದುರೆ ಕೆಚ್ಚಲು ಮುಟ್ಟಿದರೆ ಒದೆಯುವಂತಿದ್ದರೆ ಮರಿ ಹಾಲು ಕುಡಿಯುವುದು ಹೇಗೆ? ಹುಟ್ಟಿ ಎರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು, ಆಗ ಪಳಗಿಸುತ್ತಾ ಕೂರಲು ಆಗುವುದಿಲ್ಲ.

ಹೊಸಲಾಯ:
ಗಂಡು ಕುದುರೆ ಸ್ವಲ್ಪ ದೊಡ್ಡದು. ಮರಿ ದೊಡ್ಡದಾಗಿ ಹೆರಿಗೆ ಕಷ್ಟ ಆಗುತ್ತದೆ ಅನ್ನುವ ಭಯ ಮಾತ್ರ ಇತ್ತು ನನಗೆ.

ಪಶುವೈದ್ಯೆ:
ಆ ಭಯ ಅರ್ಧ ಮಾತ್ರ ನಿಜ. 1938ರಲ್ಲಿ ಇಂಗ್ಲೆಂಡಿನಲ್ಲಿ ಭಾರಿ ಶೈರ್ ಕುದುರೆಗೂ ಪುಟ್ಟ ಶೆಟ್ಲೆಂಡ್ ಪೋನಿಗೂ ಕ್ರಾಸ್ ಮಾಡಿಸಿದ ಹೆಸರಾಂತ ಪ್ರಯೋಗ ಪ್ರಕಟವಾಯಿತು. ತಾಯಿ ಶೆಟ್ಲೆಂಡ್ ಆಗಿದ್ದಾಗ, ತಂದೆ ಅಷ್ಟು ದೊಡ್ಡದಾಗಿದ್ದರೂ, ಮರಿ ಸಣ್ಣದಾಗಿಯೇ ಹುಟ್ಟಿತು. ಮರಿಯ ಗಾತ್ರವನ್ನು ತಾಯಿಯ ಗರ್ಭಕೋಶ ಬಹಳಷ್ಟು ಹಿಡಿತದಲ್ಲಿ ಇಡುತ್ತದೆ.

ನನಗೆ ಜಾಸ್ತಿ ಚಿಂತೆ ಹೆರಿಗೆ ಆದಮೇಲಿನದು. ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಮರಿ ಜೋರಾಗಿ ಬೆಳೆಯುತ್ತದೆ, ಆಮೇಲೆ ಹಾಲು ಕೊಡುವ ಮೊದಲ ತಿಂಗಳುಗಳಲ್ಲಿ ತಾಯಿಗೆ ಮಾಮೂಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಶಕ್ತಿಯ ಆಹಾರ ಬೇಕು. ಇನ್ನೂ ಬೆಳೆಯುತ್ತಿರುವ ಕುದುರೆ ಅದನ್ನೆಲ್ಲ ತನ್ನ ಬೆಳವಣಿಗೆಯ ಪಾಲಿನಿಂದ ಕೊಡುತ್ತದೆ. ಕಾದರೆ ನಷ್ಟ ಏನೂ ಇಲ್ಲ. ಹೆಣ್ಣು ಕುದುರೆ ಹದಿನೈದರ ಹತ್ತಿರದವರೆಗೂ ಚೆನ್ನಾಗಿ ಗಬ್ಬ ಕಟ್ಟಬಲ್ಲದು. ಕೊಡಿಸುವ ಮೊದಲು ಗರ್ಭಕೋಶ, ಅಂಡಾಶಯ ಸ್ಕ್ಯಾನ್ ಮಾಡಿಸಿ.

ಹೊಸಲಾಯ:
ಸರಿ ಮೇಡಂ, ಮುಂದಿನ ವರ್ಷ ನೋಡೋಣ. ಇನ್ನೊಂದು ವಿಷಯ, ಇದರ ತಮ್ಮ ಜೊತೆಯಲ್ಲೇ ಮೇಯುತ್ತಾನೆ, 14 ತಿಂಗಳು. ಬೀಜ ಒಡೆಸಿಲ್ಲ. ಇನ್ನೂ ಮರಿ ಅಲ್ವಾ, ತೊಂದರೆ ಇಲ್ಲ ತಾನೇ?

ಕೆಂಪುಲಗಾಮು:
ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತೇ! ಒಂದು ವರ್ಷ ದಾಟಿದ ಗಂಡು ಮರಿಯನ್ನು ಹೆಣ್ಣಿನ ಜೊತೆ ಬಿಡಲೇಬಾರದು, ಅಕ್ಕ ತಂಗಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಪಶುವೈದ್ಯೆ:
ಇವತ್ತೇ ಬೇರೆ ಮಾಡಿ, ಮರದ ಒಂದು ಗಳ ಅಡ್ಡ ಹಾಕಿದರೆ ಸಾಲದು, ಗಟ್ಟಿ ಬೇಲಿ ಬೇಕು. ಕೊನೆಯ ಸಲ ಬೆದೆ ಇಳಿದದ್ದು ಯಾವಾಗ? ಅದಕ್ಕೆ 14ರಿಂದ 16 ದಿನ ಆಗಿದ್ದರೆ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಗಬ್ಬ ಆಗಿದ್ದು ಬೇಡ ಅಂದರೆ 35 ದಿನದೊಳಗೆ ತೀರ್ಮಾನ ಮಾಡಬೇಕು. ಆಮೇಲೆ ತೆಗೆಸಿದರೂ ಕುದುರೆ ಬಹಳ ದಿನ ಸರಿಯಾಗಿ ಬೆದೆಗೆ ಬರುವುದಿಲ್ಲ.

ಹೊಸಲಾಯ:
ಬೆದೆ ಇಳಿದು ಹತ್ತು ದಿನದ ಮೇಲಾಗಿದೆ. ತಮ್ಮನನ್ನು ಈಗಲೇ ಬೇರೆ ಲಾಯಕ್ಕೆ ಕಟ್ಟಿ ಬಂದೆ, ಡಾಕ್ಟರಿಗೂ ಫೋನ್ ಮಾಡಿದ್ದೇನೆ. ಸ್ಕ್ಯಾನ್ ಆದಮೇಲೆ ಇಲ್ಲೇ ಬರೆಯುತ್ತೇನೆ.