ಹೊರಗಿನ ಸ್ಕಾಲರ್‌ಶಿಪ್ ಬಂದರೆ ಯೂನಿವರ್ಸಿಟಿ ಕೊಡುವ ನೆರವು ಕಡಿತ ಆಗುತ್ತಾ?

ಮೊದಲ_ಸೆಮಿಸ್ಟರ್:
ಎಲ್ಲರಿಗೂ ನಮಸ್ಕಾರ. ಡಿಗ್ರಿಗೆ ಸೀಟು ಸಿಕ್ಕಿದೆ, ನೆರವಿನ ಪತ್ರವೂ ಬಂತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಒಟ್ಟು ನೆರವು' ಅಂತ ಒಂದು ಮೊತ್ತ ಇದೆ. ಅದನ್ನು ನೋಡಿ ಮನೆಯಲ್ಲಿ ಎಲ್ಲರೂ ನಿರಾಳ ಆದರು. ನಿನ್ನೆ ರಾತ್ರಿ ಸರಿಯಾಗಿ ಓದಿದಾಗ ಗೊತ್ತಾಯಿತು, ಅದರಲ್ಲಿ ಸರ್ಕಾರದ ಅನುದಾನ ಒಂದು ಸಾಲು, ಕ್ಯಾಂಪಸ್ ಕೆಲಸದ ಸಂಬಳ ಇನ್ನೊಂದು ಸಾಲು, ಉಳಿದಿದ್ದೆಲ್ಲ ಲೋನ್. ಮೂರನ್ನೂ ಕೂಡಿಸಿ ನೆರವು ಅಂತ ಬರೆದಿದ್ದಾರೆ.

ಈ ಮಧ್ಯೆ ಒಂದು ಟ್ರಸ್ಟ್‌ನಿಂದ ಸ್ಕಾಲರ್‌ಶಿಪ್ ಬಂದಿದೆ, ಒಂದು ವರ್ಷಕ್ಕೆ ಮಾತ್ರ. ಅದನ್ನು ಯೂನಿವರ್ಸಿಟಿಗೆ ಹೇಳಿದರೆ ಅಷ್ಟು ದುಡ್ಡನ್ನು ಅವರು ಕಡಿತ ಮಾಡುತ್ತಾರೆ ಅಂತ ಸೀನಿಯರ್ ಒಬ್ಬರು ಹೇಳಿದರು. ನಿಜವಾ? ಹೇಳದೆ ಸುಮ್ನೆ ಇರಬಹುದಾ? ಇನ್ನೂ ಎಲ್ಲಿ ಹುಡುಕಬೇಕು ಅನ್ನುವುದನ್ನೂ ತಿಳಿಸಿ.

ಹಳೇ_ವಿದ್ಯಾರ್ಥಿನಿ:
ಮುಚ್ಚಿಡಬೇಡಿ. ಎಷ್ಟೋ ಟ್ರಸ್ಟ್‌ಗಳು ದುಡ್ಡನ್ನು ನೇರವಾಗಿ ಯೂನಿವರ್ಸಿಟಿಗೇ ಕಳಿಸುತ್ತವೆ. ವರ್ಷದ ಮಧ್ಯೆ ಗೊತ್ತಾದರೆ ಕೊಟ್ಟಿದ್ದನ್ನು ವಾಪಸ್ ಕೇಳಬಹುದು, ಆಗ ಕಟ್ಟುವುದು ಬಹಳ ಕಷ್ಟ.

ಕಡಿತ ಆಗುವುದು ನಿಜ. ಆದರೆ ಯಾವ ಸಾಲಿನಿಂದ ಕಡಿತ ಅನ್ನುವುದೇ ಮುಖ್ಯ. ಲೋನ್‌ನಿಂದ ಕಳೆದರೆ ನಿಮಗೇ ಲಾಭ, ಅನುದಾನದಿಂದ ಕಳೆದರೆ ನೀವು ಅರ್ಜಿ ಹಾಕಿ ಗೆದ್ದಿದ್ದೆಲ್ಲ ಅವರ ಉಳಿತಾಯ ಆದ ಹಾಗೆ. ಈ ಅನ್ಯಾಯ ನೋಡಿಯೇ ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ಸರ್ಕಾರಿ ಕಾಲೇಜುಗಳಲ್ಲಿ ಇಂಥ ಕಡಿತಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು. 'ಮೊದಲು ಲೋನ್ ಕಡಿಮೆ ಮಾಡಿ, ಆಮೇಲೆ ಕ್ಯಾಂಪಸ್ ಕೆಲಸ, ಅನುದಾನ ಮುಟ್ಟಬೇಡಿ' ಅಂತ ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ಟ್ರಸ್ಟ್‌ನವರ ಹತ್ತಿರ ಮಾತಾಡಿ. ದುಡ್ಡನ್ನು ಮುಂದಿನ ವರ್ಷಕ್ಕೆ ತಳ್ಳಲು ಕೆಲವರು ಒಪ್ಪುತ್ತಾರೆ.

ಲೆಕ್ಕದ_ಪುಸ್ತಕ:
ಲೋನ್ ಅಂದ ಕೂಡಲೇ ಹೆದರಬೇಡಿ, ಆದರೆ ಎಂಥ ಲೋನ್ ಅಂತ ನೋಡಿ. ಜರ್ಮನಿಯಲ್ಲಿ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ನೆರವಾದ ಬಾಫೋಗ್‌ನಲ್ಲಿ ಸಾಮಾನ್ಯವಾಗಿ ಅರ್ಧ ಅನುದಾನ, ಇನ್ನರ್ಧ ಬಡ್ಡಿಯಿಲ್ಲದ ಸಾಲ. ಆಸ್ಟ್ರೇಲಿಯಾದಲ್ಲಿ 1989ರಿಂದ ಇರುವ ಪದ್ಧತಿಯಲ್ಲಿ ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ ತೆರಿಗೆ ಜೊತೆ ಕಂತು ಕಟ್ಟಬೇಕು. ಅಮೆರಿಕದ ಸರ್ಕಾರಿ ಲೋನ್‌ನಲ್ಲೇ ಎರಡು ಬಗೆ. ಒಂದರಲ್ಲಿ ಓದು ಮುಗಿಯುವವರೆಗೆ ಬಡ್ಡಿ ಸರ್ಕಾರದ್ದು, ಇನ್ನೊಂದರಲ್ಲಿ ದುಡ್ಡು ಕೈಗೆ ಬಂದ ದಿನದಿಂದಲೇ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಎರಡಕ್ಕೂ ಪತ್ರದಲ್ಲಿ ಹೆಸರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ.

ಇನ್ನೊಂದು ಮಾತು. ನೆರವು ಎರಡನೇ ವರ್ಷಕ್ಕೂ ಮುಂದುವರಿಯಲು ಷರತ್ತು ಏನಿದೆ ಅಂತ ಈಗಲೇ ಓದಿ. ನಾನು ಎರಡನೇ ಸೆಮಿಸ್ಟರ್‌ನಲ್ಲಿ ಹುಷಾರಿಲ್ಲ ಅಂತ ಒಂದು ವಿಷಯ ಕೈಬಿಟ್ಟೆ. ಪಾಸ್ ಆದೆ, ಅಂಕವೂ ಚೆನ್ನಾಗಿತ್ತು. ಆದರೆ ಕ್ರೆಡಿಟ್ ಪೂರ್ತಿ ಇಲ್ಲ ಅಂತ ಅನುದಾನ ನಿಂತಿತು. ಬಿಡುವ ಮುಂಚೆ ಆಫೀಸಿಗೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಬಾಗಿಲು_ತಟ್ಟಿ:
ಹುಡುಕುವ ವಿಚಾರಕ್ಕೆ ಬಂದರೆ, ನಿಮ್ಮ ವಿಭಾಗದ ಆಫೀಸಿನಿಂದ ಶುರು ಮಾಡಿ. ಒಂದೇ ವಿಷಯದವರಿಗೆ ಅಂತ ಇಟ್ಟ ಸಣ್ಣ ನಿಧಿಗಳಿಗೆ ಅರ್ಜಿ ಹಾಕುವವರು ಕಡಿಮೆ. ಅಪ್ಪ ಅಮ್ಮ ಕೆಲಸ ಮಾಡುವ ಕಂಪನಿ, ಅವರ ನೌಕರರ ಸಂಘ, ಇಲ್ಲೂ ಕೇಳಿ. ದೊಡ್ಡ ಹೆಸರಿನವಕ್ಕೇ ಕಾದು ಕೂರಬೇಡಿ, ಅಲ್ಲಿ ಪೈಪೋಟಿ ಜಾಸ್ತಿ. ಮುಂದೆ ಮಾಸ್ಟರ್ಸ್ ಯೋಚನೆ ಇದ್ದರೆ ಯುರೋಪಿಯನ್ ಒಕ್ಕೂಟದ ಸ್ಕಾಲರ್‌ಶಿಪ್ ಎರಾಸ್ಮಸ್ ಮುಂಡಸ್ ಗಮನದಲ್ಲಿಡಿ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ, ಯಾವ ದೇಶದವರಾದರೂ ಅರ್ಜಿ ಹಾಕಬಹುದು.

ಸ್ಕಾಲರ್‌ಶಿಪ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ ಅನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಮೆರಿಕದ ಸರ್ಕಾರಿ ನೆರವಿನ ಅರ್ಜಿ ಫಾಫ್ಸಾದ ಹೆಸರು ಶುರುವಾಗುವುದೇ 'ಫ್ರೀ' ಅನ್ನುವ ಪದದಿಂದ, ಅದನ್ನು ತುಂಬಿಸಲೂ ದುಡ್ಡು ಕೇಳುವವರಿದ್ದಾರೆ.

ಮೊದಲ_ಸೆಮಿಸ್ಟರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೋನ್‌ನಿಂದಲೇ ಕಳೆಯಿರಿ ಅಂತ ಈಗ ಮೇಲ್ ಹಾಕಿದೆ. ಲೆಕ್ಕದ_ಪುಸ್ತಕ ಅವರೇ, ನೀವು ಹೇಳಿದ ಮೇಲೆ ಪತ್ರದ ಹಿಂದಿನ ಪುಟ ತಿರುಗಿಸಿದೆ. ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇರಬೇಕು ಅಂತಿದೆ. ನಾನು 11ಕ್ಕೆ ಹೆಸರು ಕೊಟ್ಟಿದ್ದೇನೆ. ನಾಳೆ ಆಫೀಸ್ ಬಾಗಿಲು ತೆಗೆಯುವಷ್ಟರಲ್ಲಿ ಅಲ್ಲಿರುತ್ತೇನೆ.