ಸಹಾಯ ಬೇಕು: ಉಬ್ಬರದ ಲೆಕ್ಕದಲ್ಲಿ ಒಂದು ಗಂಟೆ ಅಂದ್ರೆ 60 ನಿಮಿಷವೇ?

ನಾನು ಮಡಿಕೇರಿಯವನು, ದೋಣಿ ನಡೆಸುವ ಪರೀಕ್ಷೆಗೆ ಓದುತ್ತಿದ್ದೇನೆ. ಮಳೆಗೆ ಕಾವೇರಿ ಏರುವುದನ್ನು ನೋಡಿ ಬೆಳೆದವನಿಗೆ ಚಂದ್ರನಿಗೆ ಏರುವ ನೀರು ಹೊಸದು.

ಅಭ್ಯಾಸದ ಲೆಕ್ಕ: ಬೆಳಿಗ್ಗೆ 6:10ಕ್ಕೆ ಇಳಿತ 0.4 ಮೀಟರ್, 11:40ಕ್ಕೆ ಉಬ್ಬರ 1.6. ನಕ್ಷೆಯಲ್ಲಿ ಆಳ 1.8; ಆ ಹೊತ್ತಿನ ಉಬ್ಬರದ ಎತ್ತರವನ್ನು ಇದಕ್ಕೆ ಕೂಡಿಸಬೇಕು. ದೋಣಿಗೆ 2.8 ಮೀಟರ್ ನೀರು ಬೇಕು. ಹನ್ನೆರಡನೇ ಭಾಗದ ನಿಯಮ ಹಾಕಿದೆ: ಒಟ್ಟು ಏರಿಕೆಯನ್ನು 12 ಭಾಗ ಮಾಡಿದರೆ, ಆರು ಗಂಟೆಗಳಲ್ಲಿ ನೀರು ಕ್ರಮವಾಗಿ 1, 2, 3, 3, 2, 1 ಭಾಗ ಏರುತ್ತದೆ. ಒಂದು ಭಾಗ 10 ಸೆಂ.ಮೀ. ಮೂರನೇ ಗಂಟೆಯ ಕೊನೆಗೆ 60 ಸೆಂ.ಮೀ. ಏರಿ ಸರಿಯಾಗಿ 2.8 ಆಗುತ್ತದೆ. ಇಲ್ಲಿವರೆಗೆ ಸರಿ ಅಲ್ವಾ?

ಆದರೆ ನೀರು ಏರುವುದು ಐದೂವರೆ ಗಂಟೆ ಮಾತ್ರ. ಪೂರ್ತಿ ಗಂಟೆ ಹಿಡಿದರೆ 9:10. ಆರು ಪಾಲು ಮಾಡಿ 55 ನಿಮಿಷ ಹಿಡಿದರೆ 8:55. ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದರೂ 8:55 ಬರುತ್ತದೆ, ಪುಸ್ತಕದ ಉತ್ತರ ಮಾತ್ರ 9:10. ಎರಡು ದಿನದಿಂದ ಇಲ್ಲೇ ನಿಂತಿದ್ದೇನೆ.

ಕರಾವಳಿಯಲ್ಲಿ ದೋಣಿ ನಡೆಸುವವರು ಹೇಳಿ, ಪರೀಕ್ಷೆಯಲ್ಲಿ ಯಾವ ಸಮಯ ಬರೆಯಲಿ, ಯಾಕೆ?